ಗೋಡೆ ಮುಟ್ಟುವ ಮೊದಲು: ಬಿಸಿ ಓಝೋನ್ ಒಡೆಯುವ ವೇಗದ ಅಳತೆ

ಓಝೋನ್ ಅಣುವಿನ ಮೂರು ಪರಮಾಣುಗಳಲ್ಲಿ ಒಂದನ್ನು ಕಿತ್ತು ತೆಗೆಯಲು ಮೋಲ್ ಒಂದಕ್ಕೆ ಸುಮಾರು 100 ಕಿಲೋಜೂಲ್ ಸಾಕು. ನಾವು ಉಸಿರಾಡುವ ಆಮ್ಲಜನಕದ ಅಣುವನ್ನು ಒಡೆಯಲು ಇದರ ಹೆಚ್ಚುಕಡಿಮೆ ಐದು ಪಟ್ಟು ಬೇಕು. ಇಷ್ಟು ಸಡಿಲವಾದ ಅಣು ಬಿಸಿಯಾದರೆ ಎಷ್ಟು ಬೇಗ ಒಡೆಯುತ್ತದೆ? ಪ್ರಶ್ನೆ ಸರಳ, ಅಳತೆ ಮಾತ್ರ ಸರಳವಲ್ಲ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತಾರು ನಿಮಿಷ, ಗಂಟೆ ಹಿಡಿಯುವ ಕೆಲಸ 1000 ಕೆಲ್ವಿನ್‌ನಲ್ಲಿ ಹತ್ತಾರು ಮೈಕ್ರೋಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಒಂದೇ ಉಪಕರಣದಿಂದ ಎರಡನ್ನೂ ಅಳೆಯುವುದು ಆಗದ ಮಾತು.

ವಿಚಿತ್ರವೆಂದರೆ, ಕ್ರಿಯೆ ನಡೆಯುವ ಬಗೆ ಬಹಳ ಬೇಗ ಹೊಳೆದಿತ್ತು. 1906ರಲ್ಲೇ ಯಾನ್ ಎಂಬ ರಸಾಯನವಿಜ್ಞಾನಿ ಅದನ್ನು ಬರೆದಿಟ್ಟ. ಓಝೋನ್ ಮೊದಲು ಒಂದು ಆಮ್ಲಜನಕ ಅಣುವಾಗಿಯೂ ಒಂದು ಬಿಡಿ ಪರಮಾಣುವಾಗಿಯೂ ಒಡೆಯುತ್ತದೆ. ಆ ಬಿಡಿ ಪರಮಾಣು ಇನ್ನೊಂದು ಓಝೋನನ್ನು ಹಿಡಿದು ಎರಡು ಆಮ್ಲಜನಕ ಅಣುಗಳಾಗುತ್ತದೆ, ಇಲ್ಲವೇ ಆಮ್ಲಜನಕದ ಜೊತೆಗೇ ಮತ್ತೆ ಕೂಡಿ ಓಝೋನ್ ಆಗಿಬಿಡುತ್ತದೆ. ಸುತ್ತ ಆಮ್ಲಜನಕ ಹೆಚ್ಚಿದಷ್ಟೂ ವಿಘಟನೆ ನಿಧಾನವಾಗುವುದು ಈ ಮರುಕೂಡಿಕೆಯಿಂದಲೇ. 1930ರಲ್ಲಿ ಸಿಡ್ನಿ ಚಾಪ್‌ಮನ್ ಆಕಾಶದ ಓಝೋನ್ ಪದರವನ್ನು ವಿವರಿಸಿದಾಗಲೂ ಇವೇ ಹೆಜ್ಜೆಗಳು ಕೆಲಸಕ್ಕೆ ಬಂದವು. ಅಲ್ಲಿ ಒಡೆಯುವ ಕೆಲಸ ಬಿಸಿಯದಲ್ಲ, ಬಿಸಿಲಿನದು.

ಬಗೆ ತಿಳಿದರೂ ಅಂಕಿ ಸಿಗಲು ಅರ್ಧ ಶತಮಾನ ಹಿಡಿಯಿತು. ಆಗಿನ ವಿಧಾನ ಇಷ್ಟೇ: ಗಾಜಿನ ಬುರುಡೆಯಲ್ಲಿ ಓಝೋನ್ ತುಂಬಿ ಬಿಸಿ ತೊಟ್ಟಿಯಲ್ಲಿ ಮುಳುಗಿಸಿ, ಒತ್ತಡ ಏರುವುದನ್ನು ನೋಡುತ್ತಾ ಕೂರುವುದು. ಎರಡು ಓಝೋನ್ ಅಣು ಹೋದರೆ ಮೂರು ಆಮ್ಲಜನಕ ಅಣು ಬರುತ್ತವಲ್ಲ, ಆ ಏರಿಕೆಯೇ ಗಡಿಯಾರ. ಆದರೆ ಒತ್ತಡಮಾಪಕದಲ್ಲಿ ಪಾದರಸ ಹಾಕುವಂತಿರಲಿಲ್ಲ. ಓಝೋನ್ ತಗುಲಿದರೆ ಪಾದರಸದ ಹೊಳಪು ಹೋಗಿ ಅದು ಗಾಜಿಗೆ ಬಾಲದಂತೆ ಅಂಟಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ತಲೆನೋವು ಬುರುಡೆಯ ಗೋಡೆ. ಗಾಜಿನ ಮೇಲಿನ ಕೊಳೆಯ ಚೂರೂ ಓಝೋನನ್ನು ಒಡೆಯುತ್ತದೆ. ಹೀಗಿರುವಾಗ ಅಳೆದದ್ದು ಅನಿಲದ ವೇಗವೋ ಗೋಡೆಯ ವೇಗವೋ ಎಂಬ ಅನುಮಾನ ತಪ್ಪುತ್ತಿರಲಿಲ್ಲ. ಮೇಲಾಗಿ ಓಝೋನ್ ಪೂರ್ತಿ ಆಮ್ಲಜನಕವಾಗುವಾಗ ಮೋಲ್ ಒಂದಕ್ಕೆ 143 ಕಿಲೋಜೂಲ್ ಶಾಖ ಹೊರಬರುವುದರಿಂದ, ಸಾಂದ್ರ ಓಝೋನ್ ತುಂಬಿದರೆ ಬುರುಡೆಯ ಒಳಗಿನ ತಾಪ ತೊಟ್ಟಿಯ ತಾಪವೇ ಆಗಿರುವುದಿಲ್ಲ.

1957ರಲ್ಲಿ ಅಮೆರಿಕದ ಬೆನ್ಸನ್ ಮತ್ತು ಆಕ್ಸ್‌ವರ್ದಿ ಹಳೆಯ ಅಳತೆಗಳನ್ನೂ ತಮ್ಮವನ್ನೂ ಒಟ್ಟಿಗೆ ಇಟ್ಟು ನೋಡಿದರು. ಯಾನ್ ಹೇಳಿದ್ದೇ ಸಾಕು, ಅದಕ್ಕೆ ಬೇರೆ ಸರಪಳಿ ಕ್ರಿಯೆಗಳ ಊರುಗೋಲು ಬೇಡ ಎಂದು ತೋರಿಸಿದರು. ಅಣು ತಾನಾಗಿ ಒಡೆಯುವುದಿಲ್ಲ, ಇನ್ನೊಂದು ಅಣು ಡಿಕ್ಕಿ ಹೊಡೆದು ಶಕ್ತಿ ಕೊಡಬೇಕು. ಯಾವ ಅನಿಲ ಎಷ್ಟು ಚೆನ್ನಾಗಿ ಗುದ್ದುತ್ತದೆ ಎಂಬ ಪಟ್ಟಿಯನ್ನೂ ಅವರೇ ಕೊಟ್ಟರು: ಓಝೋನಿನದು 1 ಎಂದಿಟ್ಟುಕೊಂಡರೆ ಇಂಗಾಲದ ಡೈಆಕ್ಸೈಡ್ 1.06, ಆಮ್ಲಜನಕ 0.44, ಸಾರಜನಕ 0.41, ಹೀಲಿಯಂ 0.34. ಈ ಕ್ಷೇತ್ರದ ನಿಜವಾದ ತಿರುವು ಇದೇ ಎನ್ನಬೇಕು. ಆಮೇಲಿನವರ ಹಲವು ಲೆಕ್ಕಗಳು ಇದನ್ನು ಆಧರಿಸಿ ಬೆಳೆದವು.

ಗೋಡೆಯ ಕಾಟ ತಪ್ಪಿಸಿದ್ದು ಶಾಕ್ ಟ್ಯೂಬ್. ಉದ್ದನೆಯ ಕೊಳವೆಯ ನಡುವೆ ತೆಳು ಪೊರೆ, ಒಂದು ಕಡೆ ಹೆಚ್ಚು ಒತ್ತಡದ ಅನಿಲ. ಪೊರೆ ಹರಿದಾಗ ಹೊರಡುವ ಆಘಾತ ತರಂಗ, ಇನ್ನೊಂದು ಕಡೆಯ ಅನಿಲವನ್ನು ಕ್ಷಣದಲ್ಲೇ ನೂರಾರು ಡಿಗ್ರಿ ಬಿಸಿ ಮಾಡುತ್ತದೆ. ಗೋಡೆ ಮುಟ್ಟಲು ಓಝೋನಿಗೆ ಪುರಸೊತ್ತೇ ಇರುವುದಿಲ್ಲ. ಕೊಳವೆಗೆ ಅಡ್ಡಲಾಗಿ ಪಾದರಸ ದೀಪದ 254 ನ್ಯಾನೋಮೀಟರ್ ಅತಿನೇರಳೆ ಬೆಳಕು ಹಾಯಿಸುತ್ತಾರೆ. ಓಝೋನ್ ಆ ಬೆಳಕನ್ನು ಗಬಗಬನೆ ನುಂಗುತ್ತದೆ. ಅದು ಕರಗಿದಂತೆ ಬೆಳಕು ಹೆಚ್ಚುವುದನ್ನು ಆಸಿಲೋಸ್ಕೋಪಿನ ಗೆರೆ ಹೇಳುತ್ತದೆ. 1962ರಲ್ಲಿ ಕ್ಯಾಲ್ಟೆಕ್‌ನ ಜೋನ್ಸ್ ಮತ್ತು ನಾರ್ಮನ್ ಡೇವಿಡ್‌ಸನ್ ಈ ದಾರಿಯಲ್ಲಿ ಸುಮಾರು 700ರಿಂದ 900 ಕೆಲ್ವಿನ್‌ವರೆಗೆ ಹೋದರು. 1975ರಲ್ಲಿ ಸೆಂಟರ್ ಮತ್ತು ಕುಂಗ್ 1000ದಿಂದ 3000 ಕೆಲ್ವಿನ್‌ವರೆಗಿನ ಅಳತೆ ಪ್ರಕಟಿಸಿದರು.

ಇಷ್ಟಾದ ಮೇಲೆ ಅಳತೆಗೋಲಿನ ಮೇಲೇ ಸಂಶಯ ಬಂತು. ಬಿಸಿ ಓಝೋನ್ 254ರ ಬೆಳಕನ್ನು ತಣ್ಣನೆಯ ಓಝೋನಿನಷ್ಟು ಹೀರುವುದಿಲ್ಲ. ಈ ವ್ಯತ್ಯಾಸ ಮರೆತರೆ, ಇನ್ನೂ ಇರುವ ಓಝೋನನ್ನೂ ಹೋಯಿತೆಂದು ಲೆಕ್ಕ ಹಾಕಿದಂತಾಗುತ್ತದೆ. 1982ರಲ್ಲಿ ಆಸ್ಟ್‌ಹೋಲ್ಜ್, ಕ್ರೋಚೆ ಮತ್ತು ಟ್ರೋ ಆಘಾತ ತರಂಗದಲ್ಲೇ ಈ ಹೀರಿಕೆಯನ್ನು ತಾಪಕ್ಕೆ ತಕ್ಕಂತೆ ಅಳೆದು ಕೊಟ್ಟರು. ಅದಕ್ಕೂ ಮುನ್ನ, 1979ರಲ್ಲಿ, ಹೈಮರ್ಲ್ ಮತ್ತು ಕಾಫೀ ಅಲ್ಲಿಯವರೆಗಿನ ಅಳತೆಗಳನ್ನು ಜಾಲಾಡಿ ಒಂದೇ ಸೂತ್ರ ಕಟ್ಟಿದ್ದರು. ಮರುವರ್ಷ ಅದೇ ಜೋಡಿ ಓಝೋನ್ ಜ್ವಾಲೆಯ ಲೆಕ್ಕವನ್ನೂ ಮಾಡಿತು. ಹೌದು, ಓಝೋನಿಗೆ ಇಂಧನ ಬೇಡ, ಬರೀ ಒಡೆಯುತ್ತಲೇ ಜ್ವಾಲೆಯಾಗಿ ಸಾಗುತ್ತದೆ. ಮೂರೇ ಬಗೆಯ ಕಣಗಳಿರುವುದರಿಂದ ಜ್ವಾಲಾ ಸಿದ್ಧಾಂತಿಗಳಿಗೆ ಅದು ಅಚ್ಚುಮೆಚ್ಚು.

ಈಗ ಈ ಅಂಕಿಗಳನ್ನು ಕೇಳುತ್ತಿರುವವರು ಎಂಜಿನ್ ತಜ್ಞರು. 2010ರಲ್ಲಿ ಅಮೆರಿಕದ ಒಂದು ತಂಡ ಪ್ರೊಪೇನ್ ಜ್ವಾಲೆಗೆ ದಶಲಕ್ಷಕ್ಕೆ 1260 ಭಾಗ ಓಝೋನ್ ಬೆರೆಸಿ ವೇಗ ಸುಮಾರು ಶೇ. 8 ಹೆಚ್ಚುವುದನ್ನು ಕಂಡಿತು. ಫ್ರಾನ್ಸಿನ ಓರ್ಲಿಯನ್ಸ್‌ನಲ್ಲಿ ದಶಲಕ್ಷಕ್ಕೆ 50ಕ್ಕಿಂತ ಕಡಿಮೆ ಓಝೋನ್ ಬೆರೆಸಿದರೂ ಎಂಜಿನ್ನಿನ ಒಳಗೆ ಇಂಧನ ಬೇಗ ಹೊತ್ತಿಕೊಂಡಿತು. ಸಿಲಿಂಡರಿನಲ್ಲಿ ಗಾಳಿ ಒತ್ತಿ ಬಿಸಿಯಾಗುತ್ತಿದ್ದಂತೆ ಓಝೋನ್ ಒಡೆದು, ಬಿಡಿ ಪರಮಾಣು ಇಂಧನಕ್ಕೆ ಕೈಹಾಕುತ್ತದೆ. ಒಡೆಯುವ ವೇಗದಲ್ಲಿ ತಪ್ಪಾದರೆ ಹೊತ್ತಿಕೊಳ್ಳುವ ಗಳಿಗೆಯೂ ತಪ್ಪುತ್ತದೆ. ಶಾಕ್ ಟ್ಯೂಬಿನಲ್ಲಿರುವಂತೆ ಎಂಜಿನ್ನಿನಲ್ಲಿ ಬರೀ ಆರ್ಗಾನ್, ಸಾರಜನಕ ಇರುವುದಿಲ್ಲ. ಹಿಂದಿನ ಸುತ್ತಿನ ನೀರಾವಿ, ಇಂಗಾಲದ ಡೈಆಕ್ಸೈಡ್ ಕೂಡ ಉಳಿದಿರುತ್ತವೆ. ಹಾಗಾಗಿ ಯಾವ ಅನಿಲ ಎಷ್ಟು ಗುದ್ದುತ್ತದೆ ಎಂಬ 1957ರ ಪ್ರಶ್ನೆಯನ್ನು ಎಂಜಿನ್ನಿನ ತಾಪದಲ್ಲಿ ಮತ್ತೆ ಕೇಳಬೇಕಾಗಿದೆ.