ಮೀನು ಕೊಟ್ಟು ಧಾನ್ಯ ತಂದ ನಾಡು

ಚಳಿಗಾಲ ಮುಗಿಯುವ ಹೊತ್ತಿಗೆ ನಾರ್ವೆಯ ಲೊಫೊಟೆನ್ ದ್ವೀಪಗಳಿಗೆ ಹೋದ ಪ್ರವಾಸಿಯನ್ನು ಮೊದಲು ಎದುರುಗೊಳ್ಳುವುದು ವಾಸನೆ. ಕಡಲಂಚಿನಲ್ಲಿ, ರಸ್ತೆಯ ಬದಿಯಲ್ಲಿ, ಮನೆಗಳ ಹಿಂದೆ ಮರದ ಗಳುಗಳನ್ನು ಕಟ್ಟಿ ನಿಲ್ಲಿಸಿದ ಎತ್ತರದ ಚಪ್ಪರಗಳು. ಅವುಗಳ ಮೇಲೆ ಬಾಲಕ್ಕೆ ಬಾಲ ಕಟ್ಟಿ, ಜೋಡಿಜೋಡಿಯಾಗಿ ತೂಗುಹಾಕಿದ ಸಾವಿರಾರು ಕಾಡ್ ಮೀನುಗಳು. ಉಪ್ಪು ಹಾಕಿಲ್ಲ, ಹೊಗೆ ಕೊಟ್ಟಿಲ್ಲ. ಒಣಗಿಸುವ ಕೆಲಸವೆಲ್ಲ ಗಾಳಿಯದು. ನಾರ್ವೆಯವರು ಇದನ್ನು ‘ತೋರ್‌ಫಿಸ್ಕ್’, ಎಂದರೆ ಒಣಮೀನು, ಎನ್ನುತ್ತಾರೆ. ಆ ದೇಶದ ಊಟ, ಪಾನೀಯಗಳ ರುಚಿ ನೋಡಲು ಹೊರಟವರು ಇಲ್ಲಿಂದಲೇ ಆರಂಭಿಸುವುದು ಒಳ್ಳೆಯದು. ಅಲ್ಲಿನ ಚರಿತ್ರೆಯ ಬಹುಭಾಗ ಈ ಚಪ್ಪರಗಳಿಂದಲೇ ಇಳಿದು ಬಂದಿದೆ.

ನಾರ್ವೆಯ ನೆಲದಲ್ಲಿ ಉಳುಮೆಗೆ ಒದಗುವುದು ನೂರಕ್ಕೆ 3 ಭಾಗ ಮಾತ್ರ. ಉಳಿದದ್ದು ಬಂಡೆ, ಕಾಡು, ಹಿಮ. ಆದರೆ ಕಡಲು ಉದಾರಿ. ಪ್ರತಿವರ್ಷ ಜನವರಿಯಿಂದ ಏಪ್ರಿಲ್‌ವರೆಗೆ ಬ್ಯಾರೆಂಟ್ಸ್ ಸಮುದ್ರದ ಕಾಡ್ ಮೀನು ಮೊಟ್ಟೆಯಿಡಲು ಲೊಫೊಟೆನ್‌ಗೆ ಬರುತ್ತದೆ. ಈ ದ್ವೀಪಗಳಿರುವುದು ಉತ್ತರ ಧ್ರುವವೃತ್ತದ ಒಳಗೆ; ಆದರೂ ಅಟ್ಲಾಂಟಿಕದ ಬೆಚ್ಚನೆಯ ಪ್ರವಾಹದಿಂದಾಗಿ ಆ ತಿಂಗಳುಗಳಲ್ಲಿ ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಇನ್ನೂ ತಣ್ಣಗಿದ್ದರೆ ಮೀನು ಹೆಪ್ಪುಗಟ್ಟಿ ಕೆಡುತ್ತಿತ್ತು, ಬಿಸಿಯಾಗಿದ್ದರೆ ಹುಳು ಹಿಡಿಯುತ್ತಿತ್ತು. ಐದು ಕಿಲೋ ಮೀನು ಒಣಗಿ ಸುಮಾರು ಒಂದು ಕಿಲೋ ಆಗುತ್ತದೆ. ಕಟ್ಟಿಗೆಯಂತೆ ಗಟ್ಟಿಯಾದ ಆ ಮೀನು ವರ್ಷಗಟ್ಟಲೆ ಕೆಡದು. ಹಡಗಿನಲ್ಲಿ ಸೌದೆಯಂತೆ ಪೇರಿಸಿ ಎಷ್ಟು ದೂರಕ್ಕಾದರೂ ಒಯ್ಯಬಹುದು.

ಈ ವ್ಯಾಪಾರ ಎಷ್ಟು ಹಳೆಯದು? ಇಂದಿನ ಜರ್ಮನಿಯ ಉತ್ತರಕ್ಕಿರುವ ಹೆಡೆಬಿ ಎಂಬ ವೈಕಿಂಗರ ಪಟ್ಟಣದಲ್ಲಿ ಸಿಕ್ಕ ಮೀನಿನ ಮೂಳೆಗಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಸಾವಿರ ವರ್ಷಗಳ ಹಿಂದೆಯೇ ಉತ್ತರ ನಾರ್ವೆಯ ಮೀನು ಅಲ್ಲಿಗೆ ಹೋಗುತ್ತಿತ್ತೆಂದು ಅದರಿಂದ ತಿಳಿಯಿತು. ಮುಂದೆ ಯುರೋಪಿನ ಕ್ರೈಸ್ತರು ಮಾಂಸ ಬಿಟ್ಟು ವ್ರತ ಹಿಡಿಯುವ ದಿನಗಳು ಹೆಚ್ಚಿದಂತೆ ಒಣಮೀನಿಗೆ ಬೇಡಿಕೆಯೂ ಏರಿತು. ಸುಮಾರು 1360ರಲ್ಲಿ ಜರ್ಮನ್ ವರ್ತಕರ ಹಾನ್ಸಾ ಒಕ್ಕೂಟ ಬರ್ಗೆನ್ ನಗರದಲ್ಲಿ ಕೋಠಿ ತೆರೆಯಿತು. ಉತ್ತರದಿಂದ ಮೀನು ಬರುತ್ತಿತ್ತು, ಬಾಲ್ಟಿಕ್ ಕಡೆಯಿಂದ ಧಾನ್ಯ. ವರ್ತಕರು ಮುಂಗಡವಾಗಿ ಧಾನ್ಯ ಕೊಟ್ಟು ಬೆಸ್ತರನ್ನು ಸಾಲದಲ್ಲಿ ಕಟ್ಟಿಹಾಕುತ್ತಿದ್ದರು. ಆ ವರ್ತಕರ ಬೀದಿಯಾದ ಬ್ರಿಗೆನ್‌ನ ಮರದ ಕಟ್ಟಡಗಳು 1979ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ.

ಇಟಲಿಗೆ ಈ ಮೀನಿನ ನಂಟು ಬೆಳೆದ ಬಗೆ ಸ್ವಾರಸ್ಯಕರವಾಗಿದೆ. 1431ರಲ್ಲಿ ವೆನಿಸ್‌ನ ಪಿಯೆತ್ರೊ ಕ್ವೆರಿನಿ ಎಂಬ ವರ್ತಕ ಕ್ರೀಟ್ ದ್ವೀಪದಿಂದ ವೈನ್ ತುಂಬಿಕೊಂಡು ಫ್ಲಾಂಡರ್ಸ್‌ಗೆ ಹೊರಟ. ಬಿರುಗಾಳಿಗೆ ಹಡಗು ಹಾಳಾಗಿ, 68 ಮಂದಿಯಲ್ಲಿ ಕೊನೆಗೆ ಬದುಕುಳಿದವರು 11. ಅವರು 1432ರ ಆರಂಭದಲ್ಲಿ ಲೊಫೊಟೆನ್ ಸಾಲಿನ ತುದಿಯ ರೋಸ್ಟ್ ದ್ವೀಪದ ಬೆಸ್ತರ ಕೈಗೆ ಸಿಕ್ಕು ಜೀವ ಉಳಿಸಿಕೊಂಡರು. ಆ ಜನ ಮೀನನ್ನು ಗಾಳಿ ಬಿಸಿಲಿಗೆ ಒಣಗಿಸಿ, ಕುಟ್ಟಿ, ಬೆಣ್ಣೆ ಸೇರಿಸಿ ತಿನ್ನುವುದನ್ನು ಕ್ವೆರಿನಿ ಬರೆದಿಟ್ಟ. ಇಂದಿಗೂ ಲೊಫೊಟೆನ್ ಒಣಮೀನಿಗೆ ಇಟಲಿಯೇ ದೊಡ್ಡ ಗಿರಾಕಿ.

ಆದರೆ ಮೀನು ಕೊಟ್ಟು ಧಾನ್ಯ ತರುವ ಬದುಕಿನಲ್ಲಿ ಅಪಾಯವೂ ಇತ್ತು. ಆಗ ನಾರ್ವೆ ಡೆನ್ಮಾರ್ಕಿನ ದೊರೆಯ ಆಳ್ವಿಕೆಯಲ್ಲಿತ್ತು. 1807ರಲ್ಲಿ ಡೆನ್ಮಾರ್ಕ್ ನೆಪೋಲಿಯನ್ನನ ಪಕ್ಷ ಸೇರಿದಾಗ ಬ್ರಿಟಿಷ್ ನೌಕಾಪಡೆ ಕಡಲ ದಾರಿ ಮುಚ್ಚಿತು. ಧಾನ್ಯದ ಹಡಗುಗಳು ನಿಂತುಹೋದವು. ಬೆಳೆಯೂ ಕೈಕೊಟ್ಟ ವರ್ಷಗಳಲ್ಲಿ ಜನ ಮರದ ಒಳತೊಗಟೆಯನ್ನು ಒಣಗಿಸಿ ಪುಡಿ ಮಾಡಿ ಹಿಟ್ಟಿಗೆ ಬೆರೆಸಿ ರೊಟ್ಟಿ ಸುಟ್ಟರು. ಹೆಂಡತಿ ಮಗುವಿಗಾಗಿ ದೋಣಿಯಲ್ಲಿ ಡೆನ್ಮಾರ್ಕಿಗೆ ಹೋಗಿ ಬಾರ್ಲಿ ತರುವಾಗ ಸೆರೆಸಿಕ್ಕುವ ಬಡವನ ಕಥೆಯನ್ನೇ ಇಬ್ಸೆನ್ ‘ತೆರ್ಯೆ ವೀಗೆನ್’ ಕಾವ್ಯವಾಗಿಸಿದ. ಆಲೂಗೆಡ್ಡೆ ನಾರ್ವೆಯ ಮನೆಮನೆಯ ಊಟವಾಗಿ ಬೇರೂರಿದ್ದು ಈ ಹಸಿವಿನ ಕಾಲದಲ್ಲಿ. ಇಂದೂ ಅಲ್ಲಿ ಮೀನಿನ ಪಕ್ಕದಲ್ಲಿ ಬೇಯಿಸಿದ ಆಲೂಗೆಡ್ಡೆ ಇದ್ದೇ ಇರುತ್ತದೆ.

ಹೀಗೆ ಕಾಪಿಟ್ಟು ತಿನ್ನುವ ಅಗತ್ಯದಿಂದ ಹುಟ್ಟಿದ ತಿನಿಸುಗಳನ್ನೇ ಪ್ರವಾಸಿ ಇಂದು ವಿಶೇಷವೆಂದು ಸವಿಯುತ್ತಾನೆ. ತಿಂಗಳುಗಟ್ಟಲೆ ಇಡಬಹುದಾದ ‘ಫ್ಲಾಟ್‌ಬ್ರೋ’ ಕಡಕ್ ರೊಟ್ಟಿಯ ಸಂಬಂಧಿಯಂತಿದೆ. ಕ್ರಿಸ್‌ಮಸ್‌ಗೆ ಮುಂಚಿನ ವಾರಗಳಲ್ಲಿ ಸಿಗುವ ‘ಲೂಟೆಫಿಸ್ಕ್’ ಒಣಮೀನಿನ ಇನ್ನೊಂದು ಅವತಾರ. ಮೀನನ್ನು ದಿನಗಟ್ಟಲೆ ನೀರಿನಲ್ಲಿ, ಬಳಿಕ ಕ್ಷಾರದ ನೀರಿನಲ್ಲಿ ನೆನೆಸುತ್ತಾರೆ. ಹಿಂದೆ ಈ ಕ್ಷಾರವನ್ನು ಬರ್ಚ್ ಮರದ ಬೂದಿಯಿಂದ ತೆಗೆಯುತ್ತಿದ್ದರು. ಮತ್ತೆ ಚೆನ್ನಾಗಿ ತೊಳೆದು ಬೇಯಿಸಿದರೆ ಮೀನು ಲೋಳೆಯಂತೆ ನಡುಗುತ್ತದೆ. ಮೊದಲ ತುತ್ತಿಗೆ ಮುಖ ಸಿಂಡರಿಸುವವರೇ ಹೆಚ್ಚು. ಕಂದು ಗಿಣ್ಣು ‘ಬ್ರೂನೊಸ್ಟ್’ ಹಾಗಲ್ಲ. ಸಾಮಾನ್ಯ ಗಿಣ್ಣು ತೆಗೆದ ಮೇಲೆ ಉಳಿಯುವ ಹಾಲೊಡಕನ್ನು ಖೋವಾದಂತೆ ಗಂಟೆಗಟ್ಟಲೆ ಕುದಿಸಿ ಬತ್ತಿಸಿದಾಗ ಅದರ ಸಕ್ಕರೆ ಕೆಂಪಗಾಗಿ ಸಿಹಿ ಬರುತ್ತದೆ. 1863ರಲ್ಲಿ ಗುಡ್‌ಬ್ರಾಂಡ್ಸ್‌ಡಾಲ್ ಕಣಿವೆಯ ಆನ್ನೆ ಹೋವ್ ಎಂಬ ಹೆಣ್ಣುಮಗಳು ಅದಕ್ಕೆ ಕೆನೆ ಸೇರಿಸಿದಳು. ಬೆಳೆ ಬೆಲೆ ಕುಸಿದು ಕಂಗೆಟ್ಟಿದ್ದ ಆ ಕಣಿವೆಯ ರೈತರಿಗೆ ಈ ಗಿಣ್ಣು ಆಸರೆಯಾಯಿತು.

ಪಾನೀಯದ ಕಥೆಯೂ ಕಡಲಿನದೇ. ‘ಅಕ್ವಾವಿಟ್’ ಆಲೂಗೆಡ್ಡೆಯ ಮದ್ಯ. ಜೀರಿಗೆಯ ಬಳಗದ ಕ್ಯಾರವೇ ಕಾಳು ಅದಕ್ಕೆ ಪರಿಮಳ ಕೊಡುತ್ತದೆ. 1805ರಲ್ಲಿ ಟ್ರೊಂಡ್‌ಹೈಮ್‌ನಿಂದ ಬಟಾವಿಯಾಕ್ಕೆ, ಎಂದರೆ ಇಂದಿನ ಜಕಾರ್ತಾಕ್ಕೆ, ಹೋದ ಪೀಪಾಯಿಗಳು ಮಾರಾಟವಾಗದೆ ಹಿಂದಿರುಗಿದವು. ತೆರೆದು ನೋಡಿದರೆ ರುಚಿ ಮಾಗಿತ್ತು. ‘ಲಿನಿಯೆ’ ಹೆಸರಿನ ಅಕ್ವಾವಿಟ್ ಇಂದಿಗೂ ಹಡಗೇರಿ ಎರಡು ಬಾರಿ ಭೂಮಧ್ಯರೇಖೆ ದಾಟಿ ಬರುತ್ತದೆ.

ಮದ್ಯಪಾನ ನಿಷೇಧವನ್ನು ಸಡಿಲಿಸಿದ್ದರಲ್ಲಿಯೂ ಮೀನಿನ ಪಾಲಿದೆ. ನಾರ್ವೆ 1916ರಲ್ಲಿ ಕಟುಮದ್ಯ ನಿಷೇಧಿಸಿತು. 1919ರ ಜನಮತಗಣನೆ ಅದನ್ನು ಎತ್ತಿಹಿಡಿಯಿತು. ಆಗ ಫ್ರಾನ್ಸ್, ಸ್ಪೇನ್, ಪೋರ್ಚುಗಲ್ ದೇಶಗಳು ‘ನಮ್ಮ ವೈನ್ ಬೇಡವಾದರೆ ನಿಮ್ಮ ಮೀನೂ ನಮಗೆ ಬೇಡ’ ಎಂಬ ಧೋರಣೆ ತಳೆದವು. ಮೀನಿನ ಮಾರುಕಟ್ಟೆ ಕಳೆದುಕೊಳ್ಳುವಂತಿರಲಿಲ್ಲ. ಆ ದೇಶಗಳ ವೈನ್ ತರಿಸಿ ಮಾರಲು 1922ರಲ್ಲಿ ‘ವಿನ್‌ಮೊನೊಪೊಲೆ’ ಎಂಬ ಏಕಸ್ವಾಮ್ಯ ಸಂಸ್ಥೆ ಹುಟ್ಟಿತು. 1926ರಲ್ಲಿ ಜನ ಮತ್ತೆ ಮತ ಹಾಕಿದರು. 1927ರಲ್ಲಿ ನಿಷೇಧ ತೆರವಾಯಿತು. ಸಂಸ್ಥೆ ಮಾತ್ರ ಉಳಿಯಿತು. ಇಂದೂ ಮನೆಗೆ ಒಯ್ಯಲು ವೈನ್ ಬೇಕೆಂದರೆ ಅದರ ಅಂಗಡಿಗೇ ಹೋಗಬೇಕು. ಭಾನುವಾರ ಬಾಗಿಲು ಮುಚ್ಚಿರುತ್ತದೆಂಬುದು ಪ್ರವಾಸಿಗೆ ನೆನಪಿರಲಿ.

1969ರಲ್ಲಿ ಉತ್ತರ ಸಮುದ್ರದಲ್ಲಿ ತೈಲ ಸಿಕ್ಕ ಮೇಲೆ ನಾರ್ವೆ ಜಗತ್ತಿನ ಶ್ರೀಮಂತ ದೇಶಗಳ ಸಾಲು ಸೇರಿತು. ಒಣಗಿಸಿಡಲೇಬೇಕಾದ ಅನಿವಾರ್ಯ ಈಗ ಯಾರಿಗೂ ಇಲ್ಲ. ಆದರೂ ಲೊಫೊಟೆನ್‌ನ ಚಪ್ಪರಗಳು ಪ್ರತಿ ಚಳಿಗಾಲ ತುಂಬುತ್ತವೆ. ಅಲ್ಲಿ ಒಣಗಿದ ಮೀನಿನ ತಲೆಗಳು ನೈಜೀರಿಯಾಕ್ಕೆ ಹೋಗುತ್ತವೆ. 1967ರಿಂದ 1970ರವರೆಗೆ ನಡೆದ ಬಿಯಾಫ್ರಾ ಯುದ್ಧದಲ್ಲಿ ಹಸಿದವರಿಗೆ ನೆರವಾಗಿ ಹಂಚಿದ ಈ ಒಣಮೀನು ಅಲ್ಲಿನ ಇಗ್ಬೊ ಜನರ ಅಡುಗೆಯಲ್ಲಿ ಗಟ್ಟಿಯಾಗಿ ನೆಲೆಯೂರಿತು. ಇಂದು ಅವರ ಹಬ್ಬದ ಸಾರಿಗೆ ಅದು ಇರಲೇಬೇಕು. ನಾರ್ವೆಯವರ ಕ್ರಿಸ್‌ಮಸ್ ಕಾಲದ ಊಟದಲ್ಲಿ ಲೂಟೆಫಿಸ್ಕ್ ಇರುವುದೂ ಇಂಥದೇ ಕಾರಣಕ್ಕೆ. ಹಸಿವು ನೀಗಿದ ತಿನಿಸನ್ನು ಜನ ಬೇಗ ಮರೆಯುವುದಿಲ್ಲ.