ಉಸಿರೋ, ನಾಡಿಯೋ? ಅರಿವಳಿಕೆ ತಜ್ಞೆ ರೂಪಾಬಾಯಿ ಫರ್ದೂನ್‌ಜಿ ಮತ್ತು ಹೈದರಾಬಾದ್ ಪ್ರಯೋಗಗಳು

ಶಿವಮೊಗ್ಗ: ಹೆರಿಗೆ ನೋವಿನಲ್ಲಿರುವ ಮಹಿಳೆಗೆ ತುರ್ತಾಗಿ ಸಿಸೇರಿಯನ್ ಆಗಬೇಕೆಂದು ವೈದ್ಯರು ಹೇಳಿದಾಗ, ಮನೆಯವರು ಮೊದಲು ವಿಚಾರಿಸುವುದು ಆಪರೇಷನ್ ಮಾಡುವ ವೈದ್ಯರು ಯಾರು ಎಂದು. ಮತ್ತು ಬರಿಸುವ ವೈದ್ಯರು ಯಾರು ಎಂದು ಕೇಳುವವರು ವಿರಳ. ಆದರೆ ತಾಲ್ಲೂಕು ಮಟ್ಟದ ಆಸ್ಪತ್ರೆಗಳಲ್ಲಿ ಆ ಶಸ್ತ್ರಚಿಕಿತ್ಸೆ ಅಲ್ಲಿಯೇ ನಡೆಯುವುದೋ, ಜಿಲ್ಲಾ ಕೇಂದ್ರದ ಕಡೆಗೆ ಆಂಬುಲೆನ್ಸ್ ಹೊರಡುವುದೋ ಎಂಬುದು ಅನೇಕ ವೇಳೆ ಈ ಎರಡನೆಯ ವೈದ್ಯರ ಲಭ್ಯತೆಯನ್ನೇ ಅವಲಂಬಿಸಿರುತ್ತದೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಇರುವ ಅಂತರ ಸುಮಾರು 20 ಕಿ.ಮೀ. ಮಾತ್ರ. ತುರ್ತು ಸಂದರ್ಭದಲ್ಲಿ ಆ ಅಂತರವೂ ದೊಡ್ಡದೇ.

ಶಸ್ತ್ರವೈದ್ಯರು ಗಾಯದ ಮೇಲೆ ಗಮನವಿಟ್ಟಿರುವಾಗ ರೋಗಿಯ ಪ್ರಾಣದ ಮೇಲೆ ಗಮನವಿಡಲು ಮತ್ತೊಬ್ಬ ತರಬೇತಿ ಪಡೆದ ವೈದ್ಯರು ಇರಲೇಬೇಕು ಎಂಬ ತತ್ತ್ವ ಇಂದು ಸರ್ವಮಾನ್ಯ. ಈ ತತ್ತ್ವ ನೆಲೆಗೊಳ್ಳುವ ಮುನ್ನ ವೈದ್ಯಲೋಕದಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿ ವಾದವಿವಾದ ನಡೆಯಿತು. ಅದರ ಮಹತ್ವದ ಅಧ್ಯಾಯವೊಂದು ನಡೆದದ್ದು ನಮ್ಮ ನೆರೆಯ ಹೈದರಾಬಾದಿನಲ್ಲಿ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಆಗ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಹೈದರಾಬಾದ್ ರಾಜ್ಯದ ಭಾಗವಾಗಿದ್ದವು. ಹೀಗಾಗಿ ಇದು ಕನ್ನಡನಾಡಿನ ಒಂದು ಭಾಗದ ಇತಿಹಾಸವೂ ಹೌದು. ಈ ಅಧ್ಯಾಯದಿಂದಲೇ ಹೊರಹೊಮ್ಮಿದವರು ಡಾ. ರೂಪಾಬಾಯಿ ಫರ್ದೂನ್‌ಜಿ. ಅರಿವಳಿಕೆ ನೀಡುವುದನ್ನೇ ವೃತ್ತಿಯಾಗಿ ಸ್ವೀಕರಿಸಿದ ಜಗತ್ತಿನ ಮೊದಲ ಮಹಿಳೆ ಎಂದು ವೈದ್ಯಕೀಯ ಇತಿಹಾಸಕಾರರು ಅವರನ್ನು ಗುರುತಿಸುತ್ತಾರೆ.

ಕ್ಲೋರೋಫಾರ್ಮ್ ತಂದ ಹರ್ಷ, ಭಯ

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಈಥರ್ ಅನಿಲದ ನೆರವಿನಿಂದ ನೋವಿಲ್ಲದ ಶಸ್ತ್ರಚಿಕಿತ್ಸೆಯನ್ನು ಸಾರ್ವಜನಿಕವಾಗಿ ಸಾಧ್ಯವಾಗಿಸಿದರು. ಆ ದಿನವನ್ನೇ ಇಂದು ವಿಶ್ವ ಅರಿವಳಿಕೆ ದಿನವನ್ನಾಗಿ ಆಚರಿಸಲಾಗುತ್ತಿದೆ. ಮರುವರ್ಷ, 1847ರ ನವೆಂಬರ್‌ನಲ್ಲಿ, ಎಡಿನ್‌ಬರೋದ ಪ್ರಸೂತಿ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಕ್ಲೋರೋಫಾರ್ಮ್ ಬಳಕೆಗೆ ತಂದರು. ಇದರ ವಾಸನೆ ಹಿತಕರ, ಪರಿಣಾಮ ಶೀಘ್ರ. ಬಟ್ಟೆಯ ಮೇಲೆ ಕೆಲವು ಹನಿ ಹಾಕಿ ಮೂಗಿನ ಬಳಿ ಹಿಡಿದರೆ ಸಾಕಿತ್ತು.

ಆದರೆ ಮೂರು ತಿಂಗಳೂ ಕಳೆದಿರಲಿಲ್ಲ. 1848ರ ಜನವರಿ 28ರಂದು ಇಂಗ್ಲೆಂಡಿನಲ್ಲಿ ಕಾಲುಬೆರಳಿನ ಉಗುರು ತೆಗೆಸಿಕೊಳ್ಳಲು ಕ್ಲೋರೋಫಾರ್ಮ್ ಪಡೆದ ಹ್ಯಾನಾ ಗ್ರೀನರ್ ಎಂಬ 15ರ ಬಾಲಕಿ ಕೆಲವೇ ನಿಮಿಷಗಳಲ್ಲಿ ಅಸುನೀಗಿದಳು. ಇಂತಹ ಸಾವುಗಳು ಮುಂದೆಯೂ ಆಗಾಗ ವರದಿಯಾದವು. ಕ್ಲೋರೋಫಾರ್ಮ್ ಮೊದಲು ನಿಲ್ಲಿಸುವುದು ಉಸಿರಾಟವನ್ನೋ, ಹೃದಯವನ್ನೋ ಎಂಬ ಪ್ರಶ್ನೆ ಎದ್ದಿತು. ಲಂಡನ್ನಿನ ಡಾ. ಜಾನ್ ಸ್ನೋ ಹೃದಯದ ಕಡೆಗೆ ಬೊಟ್ಟು ಮಾಡಿದರು. ಆವಿಯ ಪ್ರಮಾಣ ಅತಿಯಾದರೆ ಹೃದಯ ಸ್ತಬ್ಧಗೊಳ್ಳುತ್ತದೆ, ಆದ್ದರಿಂದ ಅಳತೆ ಮಾಡಿ ಕೊಡಬೇಕು ಎಂಬುದು ಅವರ ನಿಲುವು. 1853ರಲ್ಲಿ ರಾಣಿ ವಿಕ್ಟೋರಿಯಾ ಅವರ ಹೆರಿಗೆಗೆ ಕ್ಲೋರೋಫಾರ್ಮ್ ನೀಡಿದವರು ಇವರೇ. ಇದಕ್ಕೆ ವಿರುದ್ಧವಾಗಿ ಎಡಿನ್‌ಬರೋದ ಶಸ್ತ್ರವೈದ್ಯ ಜೇಮ್ಸ್ ಸೈಮ್ ಅವರ ಪರಂಪರೆ, ಉಸಿರನ್ನು ಗಮನಿಸಿದರೆ ಸಾಕು, ನಾಡಿ ಹಿಡಿಯುವ ಅಗತ್ಯವಿಲ್ಲ ಎಂದು ಬೋಧಿಸುತ್ತಿತ್ತು.

ಇದು ಪಂಡಿತರ ಒಣಚರ್ಚೆಯಾಗಿರಲಿಲ್ಲ. ಮತ್ತು ನೀಡುವ ವೈದ್ಯನ ಕಣ್ಣು ರೋಗಿಯ ಎದೆಯ ಮೇಲಿರಬೇಕೋ, ಬೆರಳು ಮಣಿಕಟ್ಟಿನ ಮೇಲಿರಬೇಕೋ ಎಂಬುದರ ಮೇಲೆ ರೋಗಿಗಳ ಜೀವ ನಿಂತಿತ್ತು.

ನಿಜಾಮರ ನೆರವು, ಲಾರಿಯ ಹಠ

ಸೈಮ್ ಅವರ ಶಿಷ್ಯ ಡಾ. ಎಡ್ವರ್ಡ್ ಲಾರಿ 1885ರಲ್ಲಿ ಹೈದರಾಬಾದಿಗೆ ರೆಸಿಡೆನ್ಸಿ ಶಸ್ತ್ರವೈದ್ಯರಾಗಿ ಬಂದರು. ಅಲ್ಲಿನ ವೈದ್ಯಕೀಯ ಶಾಲೆಯ ಹೊಣೆಯನ್ನೂ ಹೊತ್ತರು. ಗುರುವಿನ ಮತವನ್ನು ಪ್ರಯೋಗದಿಂದ ಸಾಧಿಸಬೇಕೆಂಬುದು ಅವರ ಹಠವಾಗಿತ್ತು. 1888ರಲ್ಲಿ ನೇಮಕಗೊಂಡ ಮೊದಲ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗ ನಾಯಿಗಳ ಮೇಲೆ ಪ್ರಯೋಗ ನಡೆಸಿ, ಉಸಿರಾಟವೇ ಮೊದಲು ನಿಲ್ಲುತ್ತದೆ ಎಂದು ಸಾರಿತು. ಲಂಡನ್ನಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ಈ ತೀರ್ಮಾನವನ್ನು ಒಪ್ಪಲಿಲ್ಲ.

ಆಗ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ 1,000 ಪೌಂಡ್ ನೆರವು ನೀಡಿ, ಪತ್ರಿಕೆಯೇ ತನ್ನ ಪ್ರತಿನಿಧಿಯನ್ನು ಕಳುಹಿಸಲಿ ಎಂದು ಆಹ್ವಾನಿಸಿದರು. ಹಾಗೆ ಬಂದವರು ಔಷಧ ವಿಜ್ಞಾನಿ ಲಾಡರ್ ಬ್ರಂಟನ್. ಲಾರಿಯ ವಾದವನ್ನು ಸಂಶಯದಿಂದ ನೋಡುತ್ತಿದ್ದ ಬ್ರಂಟನ್, 1889ರ ಎರಡನೆಯ ಆಯೋಗದ ಪ್ರಯೋಗಗಳ ಬಳಿಕ ಅದನ್ನೇ ಒಪ್ಪಿಕೊಂಡದ್ದು ಗಮನಾರ್ಹ. 400ಕ್ಕೂ ಹೆಚ್ಚು ಪ್ರಾಣಿಗಳ ಮೇಲೆ ನಡೆದ ಈ ಪ್ರಯೋಗಗಳ ವರದಿ 1890ರಲ್ಲಿ ಅದೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಭಾರತೀಯ ಸಂಸ್ಥಾನವೊಂದರ ಹಣದಿಂದ, ಭಾರತದ ನೆಲದಲ್ಲಿ ನಡೆದ ಅರಿವಳಿಕೆ ಸಂಶೋಧನೆ ಜಗತ್ತಿನಾದ್ಯಂತ ಚರ್ಚೆಗೊಳಗಾಯಿತು.

ರೂಪಾಬಾಯಿ ವೃತ್ತಿಜೀವನ

ಪಾರ್ಸಿ ಸಮುದಾಯಕ್ಕೆ ಸೇರಿದ ರೂಪಾಬಾಯಿ, 1885ರಲ್ಲಿ ಹೈದರಾಬಾದ್ ವೈದ್ಯಕೀಯ ಶಾಲೆ ಸೇರಿದ ಐವರು ಮಹಿಳೆಯರಲ್ಲಿ ಒಬ್ಬರು. ಎರಡನೆಯ ಆಯೋಗ ನಡೆದ 1889ರಲ್ಲಿಯೇ ಅವರು ವ್ಯಾಸಂಗ ಮುಗಿಸಿದರು. ಆ ಶಾಲೆಯ ಪದವಿಗೆ ‘ಹಕೀಮ್’ ಎಂಬ ಹೆಸರಿತ್ತು. ರೆಸಿಡೆನ್ಸಿ, ಅಫ್ಜಲ್‌ಗಂಜ್ ಹಾಗೂ ವಿಕ್ಟೋರಿಯಾ ಜನಾನಾ ಆಸ್ಪತ್ರೆಗಳಲ್ಲಿ ಅವರು 1917ರವರೆಗೆ ಕ್ಲೋರೋಫಾರ್ಮ್ ತಜ್ಞೆಯಾಗಿ ಸೇವೆ ಸಲ್ಲಿಸಿದರು. ಪರದಾ ಪದ್ಧತಿ ಪ್ರಬಲವಾಗಿದ್ದ ಆ ಕಾಲದಲ್ಲಿ, ಪುರುಷ ವೈದ್ಯರ ಮುಂದೆ ಬಾರದ ಮಹಿಳೆಯರ ಪಾಲಿಗೆ ಮಹಿಳಾ ವೈದ್ಯರ ಸೇವೆಯ ಮಹತ್ವ ಎಷ್ಟಿತ್ತೆಂಬುದನ್ನು ಊಹಿಸಬಹುದು.

ಅವರ ವೃತ್ತಿಜೀವನದ ವಿಶೇಷ ಸಂಗತಿಯೆಂದರೆ 1909ರ ಎಡಿನ್‌ಬರೋ ಪ್ರಯಾಣ. ಎರಡು ದಶಕ ಕಾಲ ಮತ್ತು ನೀಡಿ ಪಳಗಿದ ಬಳಿಕ ಅವರು ಅಲ್ಲಿ ಅಭ್ಯಸಿಸಿದ್ದು ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರವನ್ನು. ಅರಿವಳಿಕೆಗೆಂದೇ ಪ್ರತ್ಯೇಕ ಡಿಪ್ಲೊಮಾ ಪರೀಕ್ಷೆ ಬ್ರಿಟನ್ನಿನಲ್ಲಿ ಆರಂಭವಾದದ್ದೇ 1935ರಲ್ಲಿ. ದ್ರವವು ಆವಿಯಾಗುವ ಬಗೆ, ಅನಿಲದ ಒತ್ತಡ, ಔಷಧದ ಶುದ್ಧತೆ ಇವೆಲ್ಲವೂ ಅರಿವಳಿಕೆಯ ತಳಹದಿ. ಇಂದಿನ ಸ್ನಾತಕೋತ್ತರ ವಿದ್ಯಾರ್ಥಿಗಳು ಕಡ್ಡಾಯವಾಗಿ ಓದುವ ಈ ವಿಷಯಗಳನ್ನು, ಪಠ್ಯಕ್ರಮವೇ ಇಲ್ಲದ ಕಾಲದಲ್ಲಿ ಅವರು ಹುಡುಕಿಕೊಂಡು ಹೋದರು.

ಕೊನೆಗೆ ಗೆದ್ದವರು ಯಾರು?

ಲಾರಿಯವರ ತೀರ್ಮಾನ ಪೂರ್ಣ ಸತ್ಯವಾಗಿರಲಿಲ್ಲ. 1911ರಲ್ಲಿ ಬ್ರಿಟನ್ನಿನ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲಿನ ಪ್ರಯೋಗಗಳಿಂದ ಬೇರೊಂದು ಸತ್ಯವನ್ನು ಬಯಲಿಗೆಳೆದರು. ಮತ್ತು ಇನ್ನೂ ಪೂರ್ತಿ ಏರದ ಹಂತದಲ್ಲಿ, ದೇಹದಲ್ಲಿ ಅಡ್ರಿನಲಿನ್ ಹೆಚ್ಚಿದರೆ, ಕ್ಲೋರೋಫಾರ್ಮ್ ಹೃದಯದ ಲಯವನ್ನು ಕೆಡಿಸಿ ಹಠಾತ್ತನೆ ಸಾವು ತರಬಲ್ಲದು. ಭಯಗೊಂಡ ರೋಗಿಯ ದೇಹದಲ್ಲಿ ಅಡ್ರಿನಲಿನ್ ಹೆಚ್ಚುವುದು ಸಹಜ. ಉಗುರು ತೆಗೆಯುವಂತಹ ಸಣ್ಣ ಚಿಕಿತ್ಸೆಗಳಲ್ಲೂ ಜೀವ ಹೋದದ್ದೇಕೆ ಎಂಬುದಕ್ಕೆ ಇದು ವಿವರಣೆ ಒದಗಿಸಿತು. ಪ್ರಮಾಣ ಮಿತಿಮೀರಿದಾಗ ಉಸಿರಾಟ ಕುಂದುವುದೂ ನಿಜವೇ. ಹೈದರಾಬಾದ್ ಆಯೋಗ ಕಂಡದ್ದು ಸುಳ್ಳಲ್ಲ. ಕಂಡದ್ದೇ ಎಲ್ಲವೂ ಎಂದು ಭಾವಿಸಿದ್ದು, ನಾಡಿಯನ್ನು ಕಡೆಗಣಿಸಬಹುದೆಂದು ಬೋಧಿಸಿದ್ದು ತಪ್ಪಾಯಿತು. ಉಸಿರಾಟವನ್ನು ಬಿಡದೆ ಗಮನಿಸಬೇಕೆಂಬ ಲಾರಿಯವರ ಪಾಠ ಮಾತ್ರ ಶಾಶ್ವತವಾಗಿ ಉಳಿಯಿತು.

1956ರಲ್ಲಿ ಹ್ಯಾಲೊಥೇನ್ ಬಳಕೆಗೆ ಬಂದ ಬಳಿಕ ಕ್ಲೋರೋಫಾರ್ಮ್ ಆಪರೇಷನ್ ಥಿಯೇಟರ್‌ಗಳಿಂದ ಮರೆಯಾಯಿತು. ಉಸಿರೋ ನಾಡಿಯೋ ಎಂಬ ವಾದಕ್ಕೆ ಮಂಗಳ ಹಾಡಿದ ಸಾಧನಗಳಲ್ಲಿ ಪ್ರಮುಖವಾದುದು ಪಲ್ಸ್ ಆಕ್ಸಿಮೀಟರ್. ಜಪಾನಿನ ಟಕುವೊ ಅವೊಯಾಗಿ 1970ರ ದಶಕದ ಆರಂಭದಲ್ಲಿ ಇದರ ತತ್ತ್ವವನ್ನು ರೂಪಿಸಿದರು. ಬೆರಳ ತುದಿಯ ಮೂಲಕ ಹಾಯುವ ಕೆಂಪು ಮತ್ತು ಅವಗೆಂಪು ಬೆಳಕಿನ ನೆರವಿನಿಂದ ಇದು ನಾಡಿಯ ಗತಿಯನ್ನೂ ರಕ್ತದಲ್ಲಿನ ಆಮ್ಲಜನಕದ ಪ್ರಮಾಣವನ್ನೂ ಏಕಕಾಲಕ್ಕೆ ತೋರಿಸುತ್ತದೆ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿ ಈ ಸಾಧನ ಸ್ಥಾನ ಪಡೆಯಿತು. 2020ರ ಕೋವಿಡ್ ದಿನಗಳಲ್ಲಿ ಇದು ಮನೆಮನೆಗೂ ಪರಿಚಿತವಾಯಿತು.

ನಮ್ಮ ಜಿಲ್ಲೆಗೆ ಇದರ ಪ್ರಸ್ತುತತೆ

ಭಾರತೀಯ ಅರಿವಳಿಕೆ ತಜ್ಞರ ಸಂಘ 1947ರಲ್ಲಿ ಸ್ಥಾಪನೆಯಾಯಿತು. ಎಂ.ಡಿ. ಪದವಿಗೆ ಈ ವಿಷಯದಲ್ಲಿ ಮೂರು ವರ್ಷಗಳ ವ್ಯಾಸಂಗ ಹಾಗೂ ಸಂಶೋಧನಾ ಪ್ರಬಂಧ ಅಗತ್ಯ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ, ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯಾದ ಮೇಲೆ, ಚಿಕಿತ್ಸೆಯ ಜೊತೆಗೆ ಬೋಧನೆಯೂ ಜಿಲ್ಲಾ ಕೇಂದ್ರಕ್ಕೆ ಬಂದಿದೆ. ಬೋಧಿಸುವ ಅರಿವಳಿಕೆ ತಜ್ಞರು ಥಿಯೇಟರ್‌ನಲ್ಲಿ ಒಬ್ಬ ರೋಗಿಯನ್ನು ಕಾಯುವಾಗಲೇ, ಮುಂದೆ ಬೇರೆ ಊರುಗಳಲ್ಲಿ ರೋಗಿಗಳನ್ನು ಕಾಯಬೇಕಾದ ಕಿರಿಯರನ್ನೂ ತಯಾರು ಮಾಡುತ್ತಿರುತ್ತಾರೆ.

ತಾಲ್ಲೂಕು ಮಟ್ಟದಲ್ಲಿ ತಜ್ಞರ ಕೊರತೆ ದೇಶವ್ಯಾಪಿ ಸಮಸ್ಯೆ. ಇದನ್ನು ನೀಗಿಸಲು ಕೇಂದ್ರ ಸರ್ಕಾರ ಎಂ.ಬಿ.ಬಿ.ಎಸ್. ವೈದ್ಯರಿಗೆ ಜೀವರಕ್ಷಕ ಅರಿವಳಿಕೆ ಕೌಶಲದ 18 ವಾರಗಳ ತರಬೇತಿಯನ್ನು ರೂಪಿಸಿತು. ತುರ್ತು ಪ್ರಸೂತಿ ಚಿಕಿತ್ಸೆಯೇ ಇದರ ಮುಖ್ಯ ಉದ್ದೇಶ. ಬಹುಪಾಲು ಸಿಸೇರಿಯನ್‌ಗಳಲ್ಲಿ ಬೆನ್ನಿಗೆ ಇಂಜೆಕ್ಷನ್ ನೀಡಿ ಸೊಂಟದ ಕೆಳಭಾಗವನ್ನು ಮಾತ್ರ ಜೋಮುಗೊಳಿಸಲಾಗುತ್ತದೆ. ತಾಯಿ ಎಚ್ಚರವಾಗಿಯೇ ಇರುತ್ತಾರೆ. ಆದರೂ ರಕ್ತದೊತ್ತಡ ಏಕಾಏಕಿ ಕುಸಿಯಬಹುದು. ಗಮನಿಸಿ ಸರಿಪಡಿಸುವವರು ಪಕ್ಕದಲ್ಲಿಯೇ ಇರಬೇಕಾಗುತ್ತದೆ. ಯಂತ್ರ ಎಷ್ಟೇ ಉತ್ತಮವಾಗಿದ್ದರೂ ಅದರ ಸದ್ದಿನ ಅರ್ಥ ತಿಳಿದವರಿಲ್ಲದಿದ್ದರೆ ಪ್ರಯೋಜನವಿಲ್ಲ.

ರೋಗಿಗಳು ಗಮನಿಸಬೇಕಾದದ್ದು

ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ತಜ್ಞರು ಕೇಳುವ ಪ್ರಶ್ನೆಗಳಿಗೆ ಮುಚ್ಚುಮರೆಯಿಲ್ಲದೆ ಉತ್ತರಿಸಬೇಕು. ಸೇವಿಸುತ್ತಿರುವ ಮಾತ್ರೆಗಳು, ಔಷಧದ ಅಲರ್ಜಿ, ಉಬ್ಬಸ, ಮಧುಮೇಹ, ಹೃದಯದ ತೊಂದರೆ, ಬೀಡಿ-ಸಿಗರೇಟು ಹಾಗೂ ಮದ್ಯದ ಅಭ್ಯಾಸ, ಅಲುಗಾಡುವ ಹಲ್ಲು ಅಥವಾ ಕಟ್ಟಿಸಿದ ಹಲ್ಲು, ಹಿಂದಿನ ಶಸ್ತ್ರಚಿಕಿತ್ಸೆಯಲ್ಲಾದ ತೊಂದರೆ, ಕುಟುಂಬದಲ್ಲಿ ಯಾರಿಗಾದರೂ ಅರಿವಳಿಕೆ ಒಗ್ಗದಿದ್ದ ಸಂಗತಿ ಇವನ್ನೆಲ್ಲ ತಿಳಿಸಬೇಕು. ಹೊಟ್ಟೆ ಖಾಲಿ ಇರಬೇಕೆಂಬ ಸೂಚನೆಯನ್ನು ಕರುಣೆಯಿಂದಲೂ ಮೀರಬಾರದು. ಮತ್ತಿನಲ್ಲಿರುವಾಗ ಹೊಟ್ಟೆಯಲ್ಲಿನ ಆಹಾರ ಮೇಲೆ ಬಂದು ಶ್ವಾಸಕೋಶ ಸೇರಿದರೆ ಜೀವಕ್ಕೇ ಅಪಾಯ. ಮಗು ಅಳುತ್ತದೆಂದು ಕದ್ದು ಹಾಲು ಕುಡಿಸಿದ್ದರೆ, ಬೈಗುಳಕ್ಕೆ ಅಂಜದೆ ವೈದ್ಯರಿಗೆ ಹೇಳುವುದು ಲೇಸು.

ಆಪರೇಷನ್ ಯಶಸ್ವಿಯಾದಾಗ ಮನೆಯವರು ಕೈಮುಗಿಯುವುದು ಸಾಮಾನ್ಯವಾಗಿ ಶಸ್ತ್ರವೈದ್ಯರಿಗೆ. ಅದು ಸಹಜವೂ ಹೌದು. ಮುಂದಿನ ಬಾರಿ ಮತ್ತು ನೀಡುವ ವೈದ್ಯರು ಯಾರು, ಚಿಕಿತ್ಸೆ ಮುಗಿಯುವವರೆಗೂ ಅವರು ಜೊತೆಯಲ್ಲಿರುವರೇ ಎಂದೂ ವಿಚಾರಿಸುವುದು ಒಳಿತು. ಅದು ರೋಗಿಯ ಕಡೆಯವರು ಅವಶ್ಯವಾಗಿ ಕೇಳಬೇಕಾದ ಪ್ರಶ್ನೆ.