ಕ್ರಿಸ್ಮಸ್ ಅಂಚೆಚೀಟಿಗಳು: ಗೋದಲಿಯೂ ಆಟಿಕೆಯೂ

ಡಿಸೆಂಬರಿನಲ್ಲಿ ಶುಭಾಶಯ ಪತ್ರಗಳ ಭರಾಟೆ ಹೆಚ್ಚುವ ಹೊತ್ತಿಗೆ ಅಂಚೆ ಇಲಾಖೆಗಳು ಹೊರತರುವ ವಿಶೇಷ ಚೀಟಿಗಳನ್ನು ಕ್ರಿಸ್ಮಸ್ ಅಂಚೆಚೀಟಿ ಎನ್ನುತ್ತಾರೆ. ಅವುಗಳ ಮೇಲೆ ಗೋದಲಿ ಎನ್ನುವ ಯೇಸು ಹುಟ್ಟಿದ ಕೊಟ್ಟಿಗೆ, ಮರಿಯಮ್ಮ, ದೇವದೂತರು ಇರಬೇಕೋ, ಇಲ್ಲ ಹಿಮ, ಮರ, ಆಟಿಕೆ, ಸಾಂತಾ ಕ್ಲಾಸ್ ಸಾಕೋ ಎಂಬ ವಾದ ಹಲವು ದೇಶಗಳಲ್ಲಿ ನಡೆದಿದೆ. ಶುಭಾಶಯ ಪತ್ರ ಖಾಸಗಿ ಸೊತ್ತು, ಅದರಲ್ಲಿ ಯಾವ ಚಿತ್ರವಿದ್ದರೂ ಕೇಳುವವರಿಲ್ಲ. ಅಂಚೆಚೀಟಿಯ ಮೇಲಾದರೆ ದೇಶದ ಹೆಸರೋ ದೊರೆಯ ಮುಖವೋ ಇರುತ್ತದೆ. ಹಾಗಾಗಿ ಅದರ ಚಿತ್ರ ಸರ್ಕಾರದ ಮಾತಾಗಿಬಿಡುತ್ತದೆ. ಧಾರ್ಮಿಕ, ಲೌಕಿಕ ಎಂಬ ಗೆರೆ ಎದ್ದದ್ದು ಸರ್ಕಾರಗಳ ಈ ಇಕ್ಕಟ್ಟಿನಿಂದಲೇ ಹೊರತು ಹಬ್ಬದ ಒಳಗಿನಿಂದಲ್ಲ ಎಂಬುದಕ್ಕೆ ಈ ಚೀಟಿಗಳ ಚರಿತ್ರೆಯಲ್ಲಿ ಬೇಕಾದಷ್ಟು ಸಾಕ್ಷ್ಯವಿದೆ. ಕನಕಪುರ, ಚನ್ನಪಟ್ಟಣದ ಸೀಮೆಯಲ್ಲಿ ನಿಂತು ನೋಡಿದರೆ ಅದು ಇನ್ನೂ ಸ್ಪಷ್ಟವಾಗುತ್ತದೆ.

ಕ್ರಿಸ್ಮಸ್ ಚೀಟಿಗಿಂತ ಮೊದಲು ಹುಟ್ಟಿದ್ದು ಶುಭಾಶಯ ಪತ್ರ. ಇಂಗ್ಲೆಂಡಿನಲ್ಲಿ ಒಂದು ಪೆನ್ನಿಯ ಅಂಚೆ ವ್ಯವಸ್ಥೆ ತರಲು ದುಡಿದ ಹೆನ್ರಿ ಕೋಲ್ 1843ರಲ್ಲಿ ಚಿತ್ರಕಾರ ಜಾನ್ ಕಾಲ್ಕಾಟ್ ಹಾರ್ಸ್ಲಿಯಿಂದ ಬರೆಸಿದ ಪತ್ರವನ್ನು ಮೊದಲ ವಾಣಿಜ್ಯ ಕ್ರಿಸ್ಮಸ್ ಪತ್ರವೆಂದು ಗುರುತಿಸುತ್ತಾರೆ. ಅದರ ನಡುವೆ ಪಾನೀಯದ ಬಟ್ಟಲು ಹಿಡಿದ ಕುಟುಂಬವಿದೆ, ಎರಡು ಬದಿಗಳಲ್ಲಿ ಬಡವರಿಗೆ ಅನ್ನ ಬಟ್ಟೆ ಕೊಡುವ ದೃಶ್ಯಗಳಿವೆ. ಶಿಶು ಯೇಸು ಎಲ್ಲಿಯೂ ಇಲ್ಲ. ಆದರೂ ದಾನದ ಆ ಎರಡು ಚಿತ್ರಗಳನ್ನು ಬರೀ ಲೌಕಿಕವೆಂದು ಬದಿಗಿಡುವುದು ಹೇಗೆ? ಕ್ರಿಸ್ಮಸ್ ಅಂಚೆಚೀಟಿಯ ಆರಂಭವೂ ಇಷ್ಟೇ ತೊಡಕಿನದು. ಕೆನಡಾ 1898ರಲ್ಲಿ ತಂದ ಎರಡು ಸೆಂಟಿನ ಚೀಟಿಯಲ್ಲಿ ಕ್ರಿಸ್ಮಸ್ ಎಂಬ ಹೆಸರಿದೆ, ಚಿತ್ರ ಮಾತ್ರ ಬ್ರಿಟಿಷ್ ಸಾಮ್ರಾಜ್ಯದ ಭೂಪಟ. ಆಸ್ಟ್ರಿಯಾ 1937ರಲ್ಲಿ ಹೂವು ಮತ್ತು ರಾಶಿಚಿಹ್ನೆಗಳನ್ನು ಅಚ್ಚು ಹಾಕಿತು. ಯೇಸುವಿನ ಜನನವೇ ಚೀಟಿಯಾದದ್ದು 1943ರಲ್ಲಿ, ಹಂಗೇರಿಯಲ್ಲಿ. ಮೊದಲು ದೇವರಿದ್ದ, ಆಮೇಲೆ ವ್ಯಾಪಾರ ಬಂದು ಓಡಿಸಿತು ಎಂದು ಹಲವರು ಹೇಳುವುದುಂಟು. ಇಸವಿಗಳ ಕ್ರಮ ಆ ಮಾತಿಗೆ ಒಪ್ಪುವುದಿಲ್ಲ.

ಅಮೆರಿಕ 1962ರಲ್ಲಿ ಎಲೆಮಾಲೆ ಮತ್ತು ಎರಡು ಮೇಣದಬತ್ತಿಗಳಿದ್ದ ನಾಲ್ಕು ಸೆಂಟಿನ ಚೀಟಿ ತಂದಿತು. ಮೊದಲು 35 ಕೋಟಿ ಅಚ್ಚಾಯಿತು, ಸಾಲದೆ ನೂರು ಕೋಟಿಯವರೆಗೂ ಮುದ್ರಿಸಬೇಕಾಯಿತು. ಇಷ್ಟು ಜನ ಕೊಳ್ಳುವ ಚೀಟಿಯಲ್ಲಿ ಹಬ್ಬದ ಮೂಲವೇ ಇಲ್ಲವೆಂದರೆ ಹೇಗೆ ಎಂಬ ಒತ್ತಡ ಬಂದು, 1966ರಲ್ಲಿ ಹಾನ್ಸ್ ಮೆಮ್ಲಿಂಗ್ ಬರೆದ ಮಾತೆ ಮತ್ತು ಮಗುವಿನ ಚಿತ್ರ ಚೀಟಿಯಾಯಿತು. ಮರುವರ್ಷ ಅದನ್ನೇ ದೊಡ್ಡದಾಗಿ ಅಚ್ಚು ಹಾಕಿದರು. ಚರ್ಚನ್ನೂ ಸರ್ಕಾರವನ್ನೂ ಬೇರೆ ಇಡಬೇಕೆನ್ನುವ ಸಂಘಟನೆಯೊಂದು ನ್ಯಾಯಾಲಯಕ್ಕೆ ಹೋಯಿತು. ಇಲಾಖೆಗೆ ಆಸರೆಯಾಗಿದ್ದದ್ದು ಇದು ಕಲಾಕೃತಿ ಎಂಬ ನೆಲೆ. ನಂಬಿಕೆಯ ಚಿತ್ರಕ್ಕೆ ಸರ್ಕಾರಿ ಕಾಗದದ ಮೇಲೆ ಜಾಗ ಸಿಕ್ಕಿದ್ದು ವಸ್ತುಸಂಗ್ರಹಾಲಯದ ಬಾಗಿಲಿನಿಂದ. 1970ರಲ್ಲಿ ಇಲಾಖೆ ಒಂದೇ ಹಬ್ಬಕ್ಕೆ ಎರಡು ಬಗೆಯ ಚೀಟಿ ತಂದಿತು. ಒಂದು ಕಡೆ ಲೊರೆಂಜೊ ಲೊಟ್ಟೊ ಬರೆದ ಯೇಸು ಜನನ, ಇನ್ನೊಂದು ಕಡೆ ಹಳೆಯ ಆಟಿಕೆಗಳು: ರೈಲು ಎಂಜಿನ್, ಚಕ್ರದ ಕುದುರೆ, ಮೂರು ಚಕ್ರದ ಸೈಕಲ್, ಗೊಂಬೆಗಾಡಿ. ಮುಂದೆ 1995ಕ್ಕೆ ಮಡೋನಾ, ಅಂದರೆ ಮಾತೆ ಮತ್ತು ಮಗುವಿನ ಚಿತ್ರವನ್ನು ಕೈಬಿಡಲು ಯೋಚಿಸಿದಾಗ ಎಷ್ಟು ಪ್ರತಿಭಟನೆ ಎದ್ದಿತೆಂದರೆ, 1994ರಲ್ಲೇ ಆ ನಿರ್ಧಾರವನ್ನು ಹಿಂದೆಗೆದುಕೊಂಡು ಚಿತ್ರಕಾರ ಜೊತ್ತೊನ ಮಡೋನಾವನ್ನು ಉಳಿಸಿಕೊಳ್ಳಬೇಕಾಯಿತು.

ಬ್ರಿಟನ್ 1966ರಲ್ಲಿ ಮಕ್ಕಳ ಚಿತ್ರಸ್ಪರ್ಧೆಯಿಂದ ಎರಡು ಚೀಟಿಗಳನ್ನು ಆರಿಸಿತು. ಒಂದು ಪೂರ್ವದೇಶದ ರಾಜ, ಇನ್ನೊಂದು ಹಿಮಮಾನವ. ಬರೆದ ಇಬ್ಬರಿಗೂ ಆರು ವರ್ಷ. ರಾಜನನ್ನು ಬರೆದ ತಸ್ವೀರ್ ಶೆಮ್ಜಾ ಪಾಕಿಸ್ತಾನ ಮೂಲದ ಕಲಾವಿದ ಅನ್ವರ್ ಜಲಾಲ್ ಶೆಮ್ಜಾ ಅವರ ಮಗಳು, ಹಿಮಮಾನವನನ್ನು ಬರೆದವನು ಜೇಮ್ಸ್ ಬೆರಿ. ಧಾರ್ಮಿಕ ಚಿತ್ರ ಬಂದದ್ದು ಮುಸ್ಲಿಂ ಹೆಸರಿನ ಮಗುವಿನ ಕೈಯಿಂದ ಎಂಬುದನ್ನು ಈ ವಾದದ ಎರಡೂ ಪಕ್ಷದವರು ನೆನೆಯಬೇಕು. ಅಲ್ಲಿನ ಅಂಚೆ ಮುಂದೆ ಒಂದು ವರ್ಷ ಧಾರ್ಮಿಕ, ಒಂದು ವರ್ಷ ಲೌಕಿಕ ಎಂಬ ಸರದಿ ಹಿಡಿಯಿತು.

ಕಲೆಯ ಆಸರೆ ಎಲ್ಲ ಕಾಲಕ್ಕೂ ಸಾಲುವುದಿಲ್ಲ ಎಂಬುದು ಗೊತ್ತಾದದ್ದು ಭಾರತದ ಚಿತ್ರವೊಂದರಿಂದಲೇ. ಬ್ರಿಟನ್ನಿನ 2005ರ 68 ಪೆನ್ಸಿನ ಚೀಟಿಯಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು 1620-30ರ ಒಂದು ಚಿತ್ರವಿತ್ತು. ಹಣೆಯಲ್ಲಿ ತಿಲಕ, ಕುಂಕುಮ ಇಟ್ಟ ಗಂಡು ಹೆಣ್ಣು ಶಿಶು ಯೇಸುವನ್ನು ಆರಾಧಿಸುತ್ತಿರುವಂತೆ ಅದು ಕಾಣುತ್ತದೆ. ಹಿಂದೂಗಳು ಕ್ರಿಸ್ತನನ್ನು ಪೂಜಿಸುವಂತೆ ತೋರಿಸಿದ್ದು ಮತಾಂತರದ ಸೂಚನೆಯೆಂದು ಅಲ್ಲಿನ ಹಿಂದೂ ಸಂಘಟನೆಗಳು ಆಕ್ಷೇಪಿಸಿದವು. ಕೇಳಿದವರಿಗೆ ಮಾತ್ರ ಕೊಡಿ ಎಂದು ಅಂಚೆ ಇಲಾಖೆ ತನ್ನ ಕಚೇರಿಗಳಿಗೆ ತಿಳಿಸಿತು. ಆಕ್ಷೇಪಿಸಿದವರ ಕಳವಳ ಹುಸಿಯಲ್ಲ. ಗ್ಯಾಲರಿಯ ಗೋಡೆಯ ಮೇಲೆ ಚರಿತ್ರೆಯಾಗಿದ್ದ ಚಿತ್ರ, ಹಬ್ಬದ ಲಕೋಟೆಯ ಮೇಲೆ ಅಂಟಿದಾಗ ಸಂದೇಶವಾಗುತ್ತದೆ. ಆದರೆ ಆ ಚಿತ್ರವನ್ನು ಬರೆದದ್ದು ಭಾರತದ ನೆಲದಲ್ಲಿ. ಪರರ ದೇವರನ್ನು ತಮ್ಮ ಬಣ್ಣದಲ್ಲಿ ಬರೆಯುವ ಧೈರ್ಯ ಆ ಕಾಲದ ಚಿತ್ರಕಾರರಿಗಿತ್ತು. ಅದು ಬಚ್ಚಿಡುವಂಥದ್ದಲ್ಲ.

ಭಾರತದ ಅಂಚೆ ಬೇರೆ ದಾರಿ ಹಿಡಿಯಿತು. 1949ರ ಆಗಸ್ಟ್ 15ರಂದು ಬಂದ ದಿನಬಳಕೆಯ ಸರಣಿಯಲ್ಲಿ ಸಾಂಚಿಯ ಸ್ತೂಪ, ಅಮೃತಸರದ ಸ್ವರ್ಣಮಂದಿರ, ವಿಜಯಪುರದ ಗೋಲ್ ಗುಂಬಜ್, ಶತ್ರುಂಜಯದ ಜೈನ ಮಂದಿರ ಒಟ್ಟಿಗೆ ಇದ್ದವು. 1964ರಲ್ಲಿ ಪುರಂದರದಾಸರು, ಅದೇ ವರ್ಷ ಸಂತ ತೋಮಸರು, 1967ರಲ್ಲಿ ಬಸವೇಶ್ವರರು, 1981ರಲ್ಲಿ ಶ್ರವಣಬೆಳಗೊಳದ ಬಾಹುಬಲಿ ಚೀಟಿಯಾದರು. ಅಮೆರಿಕದ ವಾದ ಯಾವ ದೇವರನ್ನು ಹೊರಗಿಡಬೇಕು ಎಂಬುದರ ಸುತ್ತ ನಡೆದರೆ, ಇಲ್ಲಿನ ಕ್ರಮ ಎಲ್ಲರನ್ನೂ ಸಾಲಿಗೆ ಸೇರಿಸುವುದು. 2008ರಲ್ಲಿ ಕ್ರಿಸ್ಮಸ್ ಹೆಸರಿನಲ್ಲೇ ಚೀಟಿಗಳು ಬಂದಾಗ ಅದು ಈ ಸಾಲಿನ ಮುಂದುವರಿಕೆಯಾಗಿತ್ತು. ಅಂಚೆಚೀಟಿಯಂತೆಯೇ ಕಾಣುವ ಇನ್ನೊಂದು ಕಾಗದದ ಕತೆಯನ್ನೂ ಇಲ್ಲಿ ಹೇಳಬೇಕು. ಕ್ಷಯರೋಗ ನಿವಾರಣೆಗೆ ಹಣ ಕೂಡಿಸಲು ಡೆನ್ಮಾರ್ಕಿನ ಅಂಚೆ ನೌಕರ ಐನಾರ್ ಹೋಲ್ಬೋಲ್ 1904ರಲ್ಲಿ ಕ್ರಿಸ್ಮಸ್ ಸೀಲು ಆರಂಭಿಸಿದ. ಭಾರತದಲ್ಲಿ ಅದು ಟಿ.ಬಿ. ಸೀಲು ಎಂಬ ಹೆಸರು ಪಡೆದು, ಅದರ ಮಾರಾಟ ಗಾಂಧಿ ಜಯಂತಿಯ ದಿನ ಶುರುವಾಗತೊಡಗಿತು. ಹಬ್ಬ ಬದಲಾಯಿತು, ಉಪಕಾರದ ಗುರಿ ಹಾಗೆಯೇ ಉಳಿಯಿತು.

ಇನ್ನು ಕನಕಪುರ, ಚನ್ನಪಟ್ಟಣ ಇರುವ ರಾಮನಗರ ಸೀಮೆ. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಹೆಚ್ಚಿನವರು ಕ್ರೈಸ್ತರು. ಅವರಿಗೆ ಕ್ರಿಸ್ಮಸ್ ಎಂದರೆ ಗೋದಲಿ ಮತ್ತು ನಡುರಾತ್ರಿಯ ಪೂಜೆ. ಅದೇ ಊರಿನ ಕಪಾಲಬೆಟ್ಟದ ಮೇಲೆ 114 ಅಡಿಯ ಯೇಸು ಪ್ರತಿಮೆಗೆ 2019ರ ಡಿಸೆಂಬರಿನಲ್ಲಿ ಜಮೀನಿನ ಪತ್ರ ಹಸ್ತಾಂತರವಾಗಿ, ಮರುತಿಂಗಳು ಕನಕಪುರದಲ್ಲಿ ಪ್ರತಿಭಟನೆಯೂ ನಡೆಯಿತು. ಅಂಚೆಚೀಟಿಯ ವಾದ ದೊಡ್ಡ ಗಾತ್ರದಲ್ಲಿ ಇಲ್ಲಿಗೂ ಬಂದಿತ್ತು: ಸರ್ಕಾರದ ಗುರುತು ತಗುಲಿದ ಜಾಗದಲ್ಲಿ ಯಾರ ದೇವರು ಕಾಣಬೇಕು? ಆ ಬೆಟ್ಟದಿಂದ ಬಹಳ ದೂರವಿಲ್ಲದ ಚನ್ನಪಟ್ಟಣದಲ್ಲಿ ಕ್ರಿಸ್ಮಸ್ ಎಂದರೆ ಗಂಟೆ, ನಕ್ಷತ್ರ, ಸಾಂತಾ, ದೇವದೂತರನ್ನು ಕಡೆಯುವ ಕೆಲಸ. ಆಲೆಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಮೇಲೆ ಒಣಗರಿ ಒತ್ತಿ ಹೊಳಪು ತರುತ್ತಾರೆ. ಲೇತಿನಲ್ಲಿ ಬರುವುದು ದುಂಡನೆಯ ಮೈ. ಅದಕ್ಕೆ ಕೆಂಪು ಅರಗು, ಬಿಳಿ ಪಟ್ಟಿ ಹಚ್ಚಿದರೆ ಸಾಂತಾ; ಕಂದು ಹಚ್ಚಿದರೆ ಜೋಸೆಫ; ನೀಲಿ ಹಚ್ಚಿದರೆ ಮರಿಯಮ್ಮ. ಧಾರ್ಮಿಕವೂ ಲೌಕಿಕವೂ ಒಂದೇ ಮರದಿಂದ, ಒಂದೇ ಕೈಯಿಂದ ಬರುತ್ತವೆ, ಆ ಕೈಗಳಲ್ಲಿ ಹಲವು ಮುಸ್ಲಿಂ ಕುಶಲಕರ್ಮಿಗಳವು. 1970ರ ಅಮೆರಿಕದ ಚೀಟಿಯಲ್ಲಿದ್ದ ಚಕ್ರದ ಕುದುರೆಯನ್ನು ಇಲ್ಲಿನ ಯಾವ ಅಂಗಡಿಯವರೂ ತಮ್ಮದೆಂದೇ ಗುರುತಿಸಿಯಾರು.

ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕಿದೆ. ಜಾತ್ಯತೀತ ಸರ್ಕಾರ ಯಾವ ದೇವರ ಚಿತ್ರವನ್ನೂ ಅಚ್ಚು ಹಾಕಬಾರದು ಎಂಬುದು ಮೊದಲನೆಯದು. ಹಾಗಾದರೆ ಬಾಹುಬಲಿ, ಪುರಂದರದಾಸರೂ ಹೋಗಬೇಕು, ನಾಡಿನ ಅರ್ಧ ಚರಿತ್ರೆಯೇ ಚೀಟಿಯಿಂದ ಹೊರಗೆ ಬೀಳುತ್ತದೆ. ನ್ಯಾಯವಿರಬೇಕಾದದ್ದು ಸಾಲಿನಲ್ಲಿ: ಯಾರನ್ನೂ ಬಿಡದಿರುವುದು, ಯಾರನ್ನೂ ಪದೇ ಪದೇ ಮುಂದೆ ತಳ್ಳದಿರುವುದು. ಎರಡನೆಯದು ಭಕ್ತರದು: ಆಟಿಕೆ, ಹಿಮ ತುಂಬಿದ ಚೀಟಿ ಹಬ್ಬದ ಜೀವವನ್ನೇ ತೆಗೆಯುತ್ತದೆ ಎಂದು. ಈ ನೋವಿಗೆ ಕಾರಣವಿದೆ, ಏಕೆಂದರೆ ಅಮೆರಿಕದ 1962ರ ಚೀಟಿಯಂತೆ ಲೌಕಿಕ ಚಿತ್ರವೊಂದೇ ಇದ್ದಾಗ ನಂಬುವವರಿಗೆ ತಮ್ಮ ಹಬ್ಬ ಕಾಣುವುದಿಲ್ಲ. ಆದರೆ ನಮ್ಮ ನವರಾತ್ರಿಯ ಗೊಂಬೆ ಸಾಲಿನಲ್ಲಿ ಪಟ್ಟದ ಗೊಂಬೆ, ದಶಾವತಾರದ ಕೆಳಗಿನ ಮೆಟ್ಟಿಲಲ್ಲೇ ಅಕ್ಕಿಬೇಳೆ ಹರಡಿಕೊಂಡ ಶೆಟ್ಟರ ಅಂಗಡಿ ಕೂರುತ್ತದೆ. ಅದರಿಂದ ಪೂಜೆ ಕೆಟ್ಟಿತೆಂದು ಯಾರೂ ಹೇಳಿಲ್ಲ. ಭಾರತದ ಅಂಚೆ ಇಲಾಖೆ ಮುಂದೊಮ್ಮೆ ಕ್ರಿಸ್ಮಸ್ ಚೀಟಿ ತರುವುದಾದರೆ ಗೋದಲಿಯನ್ನೂ ಆಟಿಕೆಯನ್ನೂ ಒಂದೇ ಹಾಳೆಯಲ್ಲಿ ಅಚ್ಚು ಹಾಕಬೇಕು. ಎರಡನ್ನೂ ಕಡೆದುಕೊಡಬಲ್ಲ ಕೈಗಳು ಚನ್ನಪಟ್ಟಣದಲ್ಲಿವೆ.